ಬಿಳಿ ರಿಬ್ಬನ್ನಿನ ಭಾನುವಾರ

ನೈವಾಷಾ, ಗುರುವಾರ

ಕೀನ್ಯಾದಲ್ಲಿ ಕಳೆದ ಮೊದಲ ಸಂಜೆಯೇ ನಾನೊಂದು ಎಡವಟ್ಟು ಮಾಡಿದೆ. ಯಾರ ಮನೆಯಲ್ಲಿ ಇಳಿದುಕೊಂಡಿದ್ದೆನೋ ಆ ಹೆಂಗಸನ್ನು, ಅವಳದೇ ಊಟದ ಮೇಜಿನ ಮುಂದೆ ಕೂತು, ಕರೆಯಬಾರದ ಹೆಸರಿನಿಂದ ಕರೆದುಬಿಟ್ಟೆ.

ನಾವು ಸೂಲಿಬೆಲೆ ಹತ್ತಿರದ ಹಳ್ಳಿಯವರು. ಹಿಂದೆ ರಾಗಿ, ಹಿಪ್ಪುನೇರಳೆ ಇದ್ದ ಹೊಲದಲ್ಲಿ ಈಗ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುತ್ತೇವೆ. ನಮಗೆ ಸಸಿ ಕೊಡುವವರು, ಪ್ರೇಮಿಗಳ ದಿನದ ಹಂಗಾಮಿನಲ್ಲಿ ಕೀನ್ಯಾದ ತೋಟಗಳು ಹೇಗೆ ನಡೆಯುತ್ತವೆ ನೋಡಿ ಬನ್ನಿ ಎಂದು ನಮ್ಮ ಕಡೆಯ ಕೆಲವು ಬೆಳೆಗಾರರನ್ನು ಕರೆದುಕೊಂಡು ಹೋದರು. ನಮ್ಮ ತೋಟದಲ್ಲೂ ಅದೇ ಹಂಗಾಮು. ಆದರೂ ನಮ್ಮ ಯಜಮಾನರು, "ನೀನೇ ಹೋಗಿ ಬಾ, ನಂಗೆ ವಿಮಾನ ಅಂದ್ರೆ ತಲೆ ಸುತ್ತುತ್ತೆ" ಎಂದು ನನ್ನನ್ನೇ ಹೊರಡಿಸಿದರು. ತಂಡದಲ್ಲಿ ನಾನೊಬ್ಬಳೇ ಹೆಂಗಸು. ಗಂಡಸರಿಗೆಲ್ಲ ತೋಟದ ಅತಿಥಿಗೃಹ ಕೊಟ್ಟು, ನನ್ನನ್ನು ಹೂವಿನ ಪ್ಯಾಕಿಂಗ್ ಶೆಡ್ಡಿನ ಮೇಲ್ವಿಚಾರಕಿಯ ಮನೆಗೆ ಕಳಿಸಿದರು.

ಅಲ್ಲಿ ಮಕ್ಕಳ ತಾಯಿಯನ್ನು ಅವಳ ಹೆಸರಿನಿಂದ ಕರೆಯುವುದಿಲ್ಲ. ಮಗುವಿನ ಹೆಸರಿಗೆ ಮೊದಲು 'ಮಾಮಾ' ಸೇರಿಸಿ ಕರೆಯುತ್ತಾರೆ. ಮಾಮಾ ಎಂದರೆ ತಾಯಿ. ನಮ್ಮಲ್ಲಿ ಮಾಮ ಅಂದರೆ ಸೋದರಮಾವ. ಹೋದ ಕೂಡಲೇ ಅವರು ನನ್ನನ್ನು 'ಮಾಮಾ ನವ್ಯ' ಎಂದು ಕರೆದಾಗ, ಮೀಸೆ ಬಂದಂತೆ ಅನ್ನಿಸಿ ನಕ್ಕಿದ್ದೆ. ನವ್ಯ ನನ್ನ ಮಗಳು. ಹೊಸಕೋಟೆಯಲ್ಲಿ ಬಿ.ಕಾಂ. ಓದುತ್ತಾಳೆ.

ಮನೆಯೊಡತಿ ಗಟ್ಟಿಮುಟ್ಟಾದ ಹೆಂಗಸು. ನಿಧಾನವಾಗಿ ಮಾತಾಡುವವಳು. ಜೊತೆಗೆ ನಯೋಮಿ ಎಂಬ ಮಗಳು, ನಮ್ಮ ನವ್ಯನಷ್ಟೇ ವಯಸ್ಸು. ರಾತ್ರಿ ಊಟಕ್ಕೆ ಉಗಾಲಿ ಬಡಿಸಿದರು. ಮುಸುಕಿನ ಜೋಳದ ಹಿಟ್ಟಿನ ಬಿಳಿ ಮುದ್ದೆ. ನಾನು ನಮ್ಮ ಅಭ್ಯಾಸದಂತೆ ಮುರಿದು, ಸೊಪ್ಪಿನ ಪಲ್ಯದ ರಸಕ್ಕೆ ಅದ್ದಿ, ಗುಳುಂ ಎಂದು ನುಂಗಿದೆ. ತಾಯಿ ಮಗಳು ಇಬ್ಬರೂ ಕೈ ನಿಲ್ಲಿಸಿ ನನ್ನ ಗಂಟಲನ್ನೇ ನೋಡಿದರು. ಅವರು ಅದನ್ನು ಅಗಿಯುತ್ತಾರೆ! ನಯೋಮಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗುವಿನ ಸಲಿಗೆಯಲ್ಲಿ ನಾನು, "ಇನ್ನೊಂದು ತುತ್ತು ಹಾಕಿ, ಮಾಮಾ ಎಸ್ತರ್" ಅಂದೆ.

ಮಧ್ಯಾಹ್ನ ಶೆಡ್ಡಿನಲ್ಲಿ ವಯಸ್ಸಾದ ಕೆಲಸದಾಕೆಯೊಬ್ಬಳು ಅವಳನ್ನು ಹಾಗೆ ಕರೆದದ್ದನ್ನು ಕೇಳಿಸಿಕೊಂಡಿದ್ದೆ, ಅಷ್ಟೆ.

ನಗು ನಿಂತಿತು. ನಯೋಮಿ ತಟ್ಟೆ ನೋಡುತ್ತಾ ಕೂತಳು. ಮನೆಯೊಡತಿ ಚಮಚ ಪಾತ್ರೆಯಲ್ಲಿಟ್ಟು, "ಈ ಮನೆಯಲ್ಲಿ ನಾನು ಮಾಮಾ ನಯೋಮಿ" ಎಂದಳು. ನನಗೆ ಬಡಿಸಿದಳು, ತಾನು ಮಾತ್ರ ಎದ್ದುಹೋದಳು.

ಅವರ ಇಂಗ್ಲಿಷೂ ನನ್ನ ಹರಕುಮುರುಕು ಇಂಗ್ಲಿಷೂ ಸೇರಿ ನಡೆದ ಮಾತುಕತೆಯನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.

ಶುಕ್ರವಾರ, ಹೂವಿನ ಶೆಡ್ಡು

ಸರೋವರದ ದಂಡೆಯುದ್ದಕ್ಕೂ ಪಾಲಿಹೌಸುಗಳು. ನಮ್ಮೂರಿನಲ್ಲಿ ನನ್ನ ತೋಟ ದೊಡ್ಡದು ಎಂದು ಹೆಮ್ಮೆಪಡುತ್ತಿದ್ದವಳು ಅಲ್ಲಿ ಬಾಯಿ ಮುಚ್ಚಿಕೊಂಡೆ. ಶೆಡ್ಡಿನೊಳಗೆ ಎತ್ತ ನೋಡಿದರೂ ಕೆಂಪು. ನೂರಾರು ಹೆಂಗಸರು ನಿಂತೇ ಕಾಂಡದ ಉದ್ದ ನೋಡಿ ಹೂ ವಿಂಗಡಿಸಿ ಕಟ್ಟು ಕಟ್ಟುತ್ತಿದ್ದರು. ಯಾವುದೋ ದೇಶದ ಪ್ರೇಮಿಗಳಿಗೆ ಹೋಗುವ ಹೂ. ಗೋಡೆಯ ಪಕ್ಕ, ಯಂತ್ರಗಳ ಮೇಲೆ ಹೃದಯದ ಚಿತ್ರದ ಪೆಟ್ಟಿಗೆಗಳು.

ಅದೇ ಶೆಡ್ಡಿನ ಬಾಗಿಲಲ್ಲಿ ಚರ್ಚಿನ ಒಂದು ಭಿತ್ತಿಚಿತ್ರ ಅಂಟಿಸಿದ್ದರು. ಬಿಳಿ ಬಟ್ಟೆಯ ಹುಡುಗ ಹುಡುಗಿಯರು ಕೈಯೆತ್ತಿ ನಿಂತಿದ್ದರು. ಏನು ಎಂದು ಮಾಮಾ ನಯೋಮಿಯನ್ನು ಕೇಳಿದೆ.

"ಭಾನುವಾರ ನಮ್ಮ ಚರ್ಚಿನಲ್ಲಿ ಪ್ರತಿಜ್ಞೆ. ಮದುವೆಯಾಗುವ ತನಕ ಶುದ್ಧವಾಗಿರುತ್ತೇವೆ ಅಂತ ಹರೆಯದ ಮಕ್ಕಳು ದೇವರ ಮುಂದೆ ಮಾತು ಕೊಡ್ತಾರೆ. ತಾಯಿತಂದೆ ಅವರ ಕೈಗೆ ಬಿಳಿ ರಿಬ್ಬನ್ ಕಟ್ಟುತ್ತಾರೆ. ಈ ಸಲ ಪ್ರತಿಜ್ಞೆ ಹೇಳಿಕೊಡೋಳು ನನ್ನ ಮಗಳು. ನೀನೂ ಬರಬೇಕು."

ಅವಳ ಮುಖದಲ್ಲಿ ಹಬ್ಬದ ಕಳೆಯಿತ್ತು. ಹಿಂದಿನ ಸಂಜೆಯ ಮುನಿಸು ಹೋಯಿತಲ್ಲ ಎಂದು ನಾನೂ ಹಗುರಾದೆ.

ಸಂಜೆ ಊರಿನಿಂದ ಯಜಮಾನರ ಫೋನು ಬಂತು. ತೋಟ, ಹೂವು, ಮಂಡಿಯ ರೇಟು ಎಲ್ಲ ಹೇಳಿ ಮುಗಿದ ಮೇಲೂ ಫೋನ್ ಇಡಲಿಲ್ಲ.

"ಏನ್ರೀ, ಇನ್ನೇನೋ ಐತೆ ಅನ್ಸುತ್ತೆ?"

"ಏನಿಲ್ಲ ಕಣೇ... ಅಣ್ಣ ಹೊಸಕೋಟೆಗೆ ಟೊಮ್ಯಾಟೊ ಹಾಕಕ್ಕೋಗಿದ್ನಂತೆ. ನಮ್ ನವ್ಯ ಯಾವ್ದೋ ಹುಡುಗನ್ ಬೈಕಲ್ಲಿ ಹಿಂದ್ಗಡೆ ಕೂತ್ಕೊಂಡು ಹೋಗ್ತಿದ್ಲಂತೆ. ಮನೇಗ್ ಬಂದು ಕೂಗಾಡ್ಬಿಟ್ಟ."

ನಮ್ಮ ಭಾವ, ಅಂದರೆ ಯಜಮಾನರ ಅಣ್ಣ, ಮನೆಯ ಹಿರೀಕರು. ಅವರ ಮಾತಿಗೆ ನಮ್ಮ ಯಜಮಾನರು ಇವತ್ತಿನವರೆಗೆ ಎದುರಾಡಿದವರಲ್ಲ.

"ಅವಳೇನಂದ್ಲು?"

"ಏನೂ ಅಂದಿಲ್ಲ. ರೂಮ್ ಬಾಗ್ಲು ಹಾಕ್ಕೊಂಡವ್ಳೆ. ಸೋಮವಾರ ಮುನೇಶ್ವರನ ಗುಡೀಲಿ ಕರ್ಪೂರ ಹಚ್ಚಿ ಆಣೆ ಮಾಡಿಸ್ಬೇಕಂತೆ. ಓದು ಮುಗಿಯೋಗಂಟ ಯಾವ್ ಹುಡುಗನ ಸಾವಾಸಕ್ಕೂ ಹೋಗಲ್ಲ ಅಂತ. ಮಾಡ್ದಿದ್ರೆ ಕಾಲೇಜ್ ಬಿಡ್ಸು ಅಂತವ್ನೆ ಅಣ್ಣ."

ಬೈಕು, ಹುಡುಗ, ಹೊಸಕೋಟೆಯ ಜನ, ನೆಂಟರಿಷ್ಟರು ಎಲ್ಲ ಒಟ್ಟಿಗೇ ಕಣ್ಣಮುಂದೆ ಬಂದರು. ಕರ್ಪೂರದ ಮೇಲೆ ಕೈಯಿಟ್ಟು ಆಣೆ ಮಾಡುವುದು ನಮ್ಮಲ್ಲಿ ಹೊಸತೇನಲ್ಲ. ಹೈಸ್ಕೂಲಿಗೆ ಸೇರುವಾಗ ನಮ್ಮಮ್ಮ ನನ್ನಿಂದಲೂ ಮಾಡಿಸಿದ್ದರು.

"ಆಣೆ ತಾನೆ, ಮಾಡ್ಲಿ ಬಿಡಿ. ಕಾಲೇಜ್ ಉಳ್ಕೊಂಡ್ರೆ ಸಾಕು" ಅಂದೆ. ಅವರು ಹೂಂ ಎಂದರು. ಮಗಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ.

ಶನಿವಾರ, ತಗಡಿನ ಮನೆಗಳ ಬೀದಿ

ಬೆಳಿಗ್ಗೆ ಮಾಮಾ ನಯೋಮಿ ಅಂಗಳದಲ್ಲಿ ಕೂತು ರಿಬ್ಬನ್ ತುಂಡು ಮಾಡುತ್ತಿದ್ದಳು. ಚರ್ಚಿನ ತಾಯಂದಿರ ಸಂಘಕ್ಕೆ ಅವಳೇ ಮುಖ್ಯಸ್ಥೆ. ನಾನೂ ಒಂದು ಕತ್ತರಿ ಹಿಡಿದು ಕೂತೆ. ಕೆಲಸ ಮಾಡುತ್ತಾ ಅವಳೇ ಹೇಳಿದಳು. ಶಾಲೆಯಲ್ಲಿದ್ದಾಗಲೇ ಬಸಿರಾದಳಂತೆ. ಮದುವೆಯಾಗುತ್ತೇನೆಂದು ಮಾತು ಕೊಟ್ಟವನು ಎರಡನೆಯ ಮಗು ಹುಟ್ಟುವ ಹೊತ್ತಿಗೆ ಊರೇ ಬಿಟ್ಟನಂತೆ.

"ಒಂದನ್ನು ಬೆನ್ನಿಗೆ ಕಟ್ಟಿಕೊಂಡು, ಇನ್ನೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇದೇ ತೋಟದಲ್ಲಿ ಗುಲಾಬಿ ಕತ್ತರಿಸಿದ್ದೇನೆ, ಮಾಮಾ ನವ್ಯ. ನನ್ನ ಮಕ್ಕಳಿಗೆ ಅದು ಬೇಡ."

ಅವಳ ಅಂಗೈ ನನ್ನ ಅಂಗೈ ಒಂದೇ ಥರ ಇತ್ತು. ಮುಳ್ಳಿನ ಗೀರು ಬಿದ್ದು ಬಿದ್ದು ಗಡುಸಾದ ಕೈ. ಹೆದರಿದ ತಾಯಿಯೊಬ್ಬಳು ಮಗಳ ಮಣಿಕಟ್ಟಿಗೆ ಏನನ್ನಾದರೂ ಕಟ್ಟುವುದು ನನಗೆ ಆಗ ತಪ್ಪಾಗಿ ಕಾಣಲಿಲ್ಲ. ನಾವು ತಾಯಿತ ಕಟ್ಟಿಸುವುದಿಲ್ಲವೇ?

ಮಧ್ಯಾಹ್ನ ನಯೋಮಿ, "ಸಂತೆ ತೋರಿಸ್ತೀನಿ, ಬನ್ನಿ ಆಂಟಿ" ಎಂದು ನನ್ನನ್ನು ಹೊರಡಿಸಿದಳು. ಸಂತೆ ದಾಟಿದೆವು. ಅವಳು ನಿಲ್ಲಲಿಲ್ಲ. ತಗಡಿನ ಗೋಡೆಯ ಮನೆಗಳ ಬೀದಿಗೆ ಹೊಕ್ಕು ಒಂದು ಬಾಗಿಲು ತಟ್ಟಿದಳು. ತೆರೆದ ಹುಡುಗಿಯನ್ನು ನೋಡಿದೊಡನೆ ಯಾರೆಂದು ಗೊತ್ತಾಯಿತು. ಅದೇ ಹಣೆ, ಅದೇ ಗಲ್ಲ. ಸೊಂಟದ ಮೇಲೊಂದು ಕೂಸು.

"ಇವಳು ನನ್ನಕ್ಕ ಎಸ್ತರ್" ಎಂದಳು ನಯೋಮಿ.

ಎಸ್ತರ್ ನನಗೆ ಹಾಲು ಹಾಕಿದ ಚಹಾ ಕೊಟ್ಟಳು. ನಮ್ಮ ಚಹಾದಂತೆಯೇ ಇತ್ತು. ಅವಳ ಕಥೆಯನ್ನು ನಯೋಮಿಯೇ ಹೇಳಿದಳು. ಕೆಲವು ವರ್ಷಗಳ ಹಿಂದೆ ಎಸ್ತರ್ ಕೂಡ ಬಿಳಿ ಬಟ್ಟೆಯುಟ್ಟು ಆ ಪ್ರತಿಜ್ಞೆ ಮಾಡಿದ್ದಳು. ಆಮೇಲೆ ತೋಟದ ಲಾರಿ ಓಡಿಸುವ ಹುಡುಗನ ಪರಿಚಯವಾಯಿತು. ಹೊಟ್ಟೆ ಕಾಣಿಸಿಕೊಂಡ ದಿನ ಚರ್ಚಿನ ಹಿರಿಯರು ಅವಳನ್ನು ಹಾಡುಗಾರರ ತಂಡದಿಂದ ತೆಗೆದರು. ಬಂದರೆ ಹೊರಗೆ ಮರದ ಕೆಳಗೆ ಕೂರಬೇಕು ಎಂದರು. ತಾಯಿ ಮನೆಯಿಂದಲೇ ಕಳಿಸಿದಳು. ಆ ದಿನದಿಂದ 'ಮಾಮಾ ಎಸ್ತರ್' ಎಂದು ಕರೆದರೆ ಓಗೊಡುವುದನ್ನು ನಿಲ್ಲಿಸಿದಳು.

"ಹುಡುಗನಿಗೆ?" ಎಂದು ಕೇಳಿದೆ.

"ಅವನು ಒಳಗೆ ಕೂರ್ತಾನೆ. ಕ್ಷಮೆ ಕೇಳಿದನಲ್ಲ" ಎಂದಳು ಎಸ್ತರ್. ಕೂಸಿನ ಮೂಗು ಒರೆಸುತ್ತಿದ್ದಳು, ನನ್ನ ಕಡೆ ನೋಡಲಿಲ್ಲ.

ವಾಪಸು ಬರುವ ದಾರಿಯಲ್ಲಿ ನಯೋಮಿ ನಿಂತುಬಿಟ್ಟಳು.

"ನಾಳೆ ಅಕ್ಕನನ್ನು ಒಳಗೆ ಕರೆದರೆ ಮಾತ್ರ ನಾನು ರಿಬ್ಬನ್ನಿಗೆ ಕೈ ಚಾಚ್ತೀನಿ. ಇಲ್ಲದಿದ್ದರೆ ಇಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ."

"ಎಲ್ಲರ ಮುಂದೆ ಹಾಗೆ ಮಾಡಿದರೆ ಅಮ್ಮನ ಗತಿ? ಇವತ್ತೇ ಹೇಳಿಬಿಡು ಮಗಳೇ."

"ಇವತ್ತು ಹೇಳಿದರೆ ನಾಳೆ ನನ್ನ ಬದಲು ಇನ್ಯಾರನ್ನಾದರೂ ನಿಲ್ಲಿಸುತ್ತಾರೆ, ಆಂಟಿ."

ಅವಳು ನನ್ನಿಂದ ಮಾತು ತೆಗೆದುಕೊಳ್ಳಲಿಲ್ಲ, ಹೇಳಬೇಡಿ ಅಂತಲೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು. ಸಂಜೆ ಮಾಮಾ ನಯೋಮಿ ಮಗಳ ಬಿಳಿ ಉಡುಪಿಗೆ ಇಸ್ತ್ರಿ ಹಾಕುತ್ತಾ ಮೆಲ್ಲಗೆ ಹಾಡುತ್ತಿದ್ದಳು. ನಾನು ಎದುರಿಗೆ ಕೂತು ಅವಳು ಕರಿದುಕೊಟ್ಟ ಹಿಟ್ಟಿನ ಉಂಡೆ ತಿನ್ನುತ್ತಿದ್ದೆ. ಎರಡು ಸಲ ಬಾಯಿ ತೆರೆದೆ. ಒಮ್ಮೆ "ಚೆನ್ನಾಗಿದೆ" ಅಂದೆ, ಇನ್ನೊಮ್ಮೆ "ಸಾಕು" ಅಂದೆ.

ಭಾನುವಾರ, ಚರ್ಚು

ತಗಡಿನ ಮಾಡಿನ ದೊಡ್ಡ ಹಜಾರ. ನಮ್ಮಲ್ಲಿ ದೇವಸ್ಥಾನಕ್ಕೆ ಹೋದರೆ ಕೈಮುಗಿದು ತೀರ್ಥ ತೆಗೆದುಕೊಂಡು ಬರುವುದು. ಅಲ್ಲಿ ಬೆಳಗಿನಿಂದ ಹಾಡು, ಕುಣಿತ, ಮತ್ತೆ ಹಾಡು. ಪಕ್ಕದ ಅಜ್ಜಿಯೊಬ್ಬಳು ನನ್ನ ಸೊಂಟಕ್ಕೆ ಕೈಕೊಟ್ಟು ಕುಣಿಸಿದಳು. ಸೀರೆ ನೆರಿಗೆ ಹಿಡಿದುಕೊಂಡೇ ಕುಣಿದೆ. ಹಾಗೆ ಕುಣಿಯುವಾಗಲೂ ಕಿಟಕಿಯಾಚೆ ಮರದ ಕೆಳಗೆ ಕೂಸನ್ನು ಎತ್ತಿಕೊಂಡು ಕೂತ ಎಸ್ತರ್ ನನಗೆ ಕಾಣುತ್ತಿದ್ದಳು.

ಪಾದ್ರಿ ಹರೆಯದವರನ್ನು ಮುಂದಕ್ಕೆ ಕರೆದರು. ಹುಡುಗಿಯರಷ್ಟೇ ಅಲ್ಲ, ಹುಡುಗರೂ ಎದ್ದು ಬಂದರು. ಅದು ನನಗೆ ಆಶ್ಚರ್ಯವೆನಿಸಿತು. ಅವರ ಮುಖಗಳಲ್ಲಿ ನಾಟಕವಿರಲಿಲ್ಲ. ಎತ್ತರದ ಒಬ್ಬ ಹುಡುಗ ಕಣ್ಣು ಮುಚ್ಚಿ ನಿಂತಿದ್ದ. ದೇವರಿಗೆ ಮಾತು ಕೊಡುವುದು ಅವನಿಗೆ ನಿಜವಾಗಿಯೂ ದೊಡ್ಡ ಸಂಗತಿಯಾಗಿತ್ತು. ನಾನು ಅದನ್ನು ಹಗುರ ಮಾಡಿ ಬರೆಯಲಾರೆ.

ನಯೋಮಿ ಎಲ್ಲರ ಮುಂದೆ ನಿಂತಳು. ತಾಯಿ ರಿಬ್ಬನ್ ಹಿಡಿದು ವೇದಿಕೆ ಹತ್ತಿದಳು. ಮೊದಲ ರಿಬ್ಬನ್ ನಯೋಮಿಗೆ. ಆಮೇಲೆ ಅವಳು ಪ್ರತಿಜ್ಞೆ ಹೇಳಿಕೊಡಬೇಕು.

ನಯೋಮಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು.

ತಾಯಿ ಮೊದಲು ನಕ್ಕಳು, ಮಗಳು ನಾಚಿದ್ದಾಳೆ ಅಂದುಕೊಂಡಳೋ ಏನೋ. "ಕೈ ಕೊಡು" ಎಂದಳು. ನಯೋಮಿ ಮೈಕಿನಲ್ಲೇ ಮಾತಾಡಿದಳು, ಅವರ ಸ್ವಾಹಿಲಿ ಭಾಷೆಯಲ್ಲಿ. ನನಗೆ 'ಎಸ್ತರ್' ಎಂಬುದೊಂದು ಅರ್ಥವಾಯಿತು. ಡ್ರಮ್ಮು ಬಾರಿಸುವವನ ಕೈ ನಿಂತಿತು. ನನ್ನ ಪಕ್ಕದ ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು, ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಹೇಳಿದಳು: "ಅಕ್ಕ ಹೊರಗಿದ್ದಾಳೆ, ಒಳಗೆ ಕರೆಯಿರಿ ಅಂತಿದಾಳೆ."

ಪಾದ್ರಿ ಮುಂದೆ ಬಂದು ಮೆಲ್ಲಗೆ ಏನೋ ಸಮಾಧಾನ ಹೇಳಿದರು. ಆಮೇಲೆ ನೋಡೋಣ ಎಂದಿರಬೇಕು. ನಯೋಮಿ ಆಗದು ಎಂದು ತಲೆಯಾಡಿಸಿದಳು. ತಾಯಿಯ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದಳು. ಹಜಾರದ ಜನವೆಲ್ಲ ಒಮ್ಮೆಲೇ ಉಸಿರೆಳೆದುಕೊಂಡರು.

"ಏನಂದಳು?" ಅಜ್ಜಿಯ ತೋಳು ಹಿಡಿದೆ.

"ನಾಳೆ ನಾನು ಎಡವಿದರೆ ನನ್ನನ್ನೂ ಹೊರಗೆ ಹಾಕ್ತೀಯಾ ಅಮ್ಮ, ಅಂತ."

ತಾಯಿ ಉತ್ತರ ಕೊಡಲಿಲ್ಲ. ಹೌದು ಎಂದರೆ ಎಲ್ಲರ ಮುಂದೆ ಮಗಳನ್ನು ಕಳೆದುಕೊಂಡಂತೆ, ಇಲ್ಲ ಎಂದರೆ ಹೊರಗೆ ಕೂತ ಮಗಳಿಗೆ ಏನು ಸಮಜಾಯಿಷಿ? ಅಷ್ಟು ಜನರಲ್ಲಿ ಯಾರಾದರೂ ಒಬ್ಬರು ಕೆಮ್ಮಲಿ ಎನ್ನಿಸುತ್ತಿತ್ತು.

ನಯೋಮಿ ಕಾದಳು. ಆಮೇಲೆ ವೇದಿಕೆ ಇಳಿದು, ನಡುವಿನ ದಾರಿಯಲ್ಲಿ ನಡೆದು, ಬಾಗಿಲು ದಾಟಿ ಹೊರಗೆ ಹೋದಳು. ಓಡಲಿಲ್ಲ.

ತಾಯಿ ಅಲ್ಲೇ ನಿಂತಳು. ಪಾದ್ರಿ ಇನ್ನೊಬ್ಬ ಹುಡುಗಿಯಿಂದ ಪ್ರತಿಜ್ಞೆ ಹೇಳಿಸಿದರು. ಮಾಮಾ ನಯೋಮಿ ಉಳಿದ ಮಕ್ಕಳಿಗೆ ಒಬ್ಬೊಬ್ಬರಿಗೇ ರಿಬ್ಬನ್ ಹಂಚಿದಳು. ಅಪ್ಪಅಮ್ಮ ಬಾರದ ಮಕ್ಕಳಿಗೆ ತಾನೇ ಕಟ್ಟಿದಳು. ಅವಳ ಬೆನ್ನು ಸ್ವಲ್ಪವೂ ಬಾಗಲಿಲ್ಲ. ಅದನ್ನು ನೋಡುವುದು ಅಳುವವರನ್ನು ನೋಡುವುದಕ್ಕಿಂತ ಕಷ್ಟವಾಗಿತ್ತು.

ಮುಗಿದ ಮೇಲೆ ಹೊರಗೆ ಬಂದೆವು. ಜನ ದೂರದಲ್ಲಿ ಗುಂಪುಗುಂಪಾಗಿ ನಿಂತು ನೋಡುತ್ತಿದ್ದರು. ಮರದ ಕೆಳಗೆ ಅಕ್ಕತಂಗಿಯರು. ತಾಯಿ ಅವರಿಂದ ಸ್ವಲ್ಪ ದೂರದಲ್ಲಿ ನಿಂತಳು. ಕೂಸು ಅವಳ ಕಡೆ ನೋಡಿ ಬಾಯಿಂದ ಬೆರಳು ತೆಗೆಯಿತು. ಅವಳು ಕೈ ಚಾಚಲಿಲ್ಲ. ಸ್ವಾಹಿಲಿಯಲ್ಲಿ ಒಂದೇ ಒಂದು ಮಾತಾಡಿ, ಮನೆಯ ದಾರಿ ಹಿಡಿದಳು.

ಏನೆಂದಳೋ ನನಗೆ ತಿಳಿಯಲಿಲ್ಲ. ಆದರೆ ಎಸ್ತರ್ ಕೂಸನ್ನೆತ್ತಿಕೊಂಡು ಎದ್ದು ನಿಂತು, ತಂಗಿಯ ಜೊತೆ ಅವಳ ಹಿಂದೆ ನಡೆದಳು.

ಅಂದು ನಾವು ನಾಲ್ವರು ಒಂದೇ ಮೇಜಿನಲ್ಲಿ ಉಂಡೆವು. ಒಂದು ಊಟದಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ತಾಯಿ ಕೂಸನ್ನು ಮುಟ್ಟಲಿಲ್ಲ. ಊಟವಾದ ಮೇಲೆ ಎಸ್ತರ್ ತನ್ನ ತಗಡಿನ ಮನೆಗೆ ಹೋದಳು. ಆದರೆ ಹೋಗುವಾಗ ತಾಯಿ ಬಾಗಿಲ ತನಕ ಬಂದು, ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು.

ಸೋಮವಾರ, ಹೊರಡುವ ಬೆಳಗು

ಬೆಳಿಗ್ಗೆ ಎದ್ದವಳಿಗೆ ಮೊದಲು ನೆನಪಾದದ್ದು ಮುನೇಶ್ವರನ ಗುಡಿ. ನಮ್ಮೂರಿನಲ್ಲಿ ಆಗಲೇ ಹೊತ್ತೇರಿರುತ್ತದೆ. ಯಜಮಾನರಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ನನ್ನನ್ನು ಕರೆದೊಯ್ಯುವ ವ್ಯಾನು ಅಂಗಳದಲ್ಲಿ ಹಾರ್ನ್ ಹೊಡೆಯುತ್ತಿತ್ತು.

"ಗುಡೀಲಿದೀವಿ ಕಣೇ" ಯಜಮಾನರು ಪಿಸುಗುಟ್ಟಿದರು. "ಅಣ್ಣ ಕರ್ಪೂರ ಇಕ್ತಾವ್ನೆ."

"ನವ್ಯ?"

"ನಿಂತವ್ಳೆ, ಕೈ ಕಟ್ಕೊಂಡು."

"ರೀ, ಸ್ಪೀಕರ್ ಹಾಕಿ. ಈಗ್ಲೇ."

ಗಂಟೆಯ ಸದ್ದು, ಕಾಗೆಯ ಸದ್ದು ಕೇಳಿಸಿತು. ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ನಾನು ದನಿ ಎತ್ತಿದವಳಲ್ಲ.

"ಭಾವ, ನಾನು. ಒಂದ್ ಮಾತು. ಆಣೆ ಮಾಡ್ಸೋದಾದ್ರೆ ಮೊದ್ಲು ನಿಮ್ಮ ಮಗ ಹರ್ಷ ಮಾಡ್ಲಿ. ಅವನ ಬೈಕಲ್ಲೂ ಯಾರೋ ಒಬ್ರ ಮಗಳು ಕೂರ್ತಾಳೆ."

"ಗಂಡುಡುಗ್ರಿಗೆಂಥಾ ಆಣೆನಮ್ಮ?" ಭಾವನ ದನಿ ಗುಡಿಯೊಳಗೆ ಗುಂಯ್‌ಗುಟ್ಟಿತು. "ಅವ್ರೇನು ಹೊಟ್ಟೆ ಹೊತ್ಕೊಂಡ್ ಬರ್ತಾರಾ?"

ಮರದ ಕೆಳಗೆ ಕೂತ ಎಸ್ತರ್ ಕಣ್ಣಿಗೆ ಕಟ್ಟಿದಳು.

"ನನ್ ಮಗಳು ಹೊತ್ಕೊಂಡ್ ಬಂದ್ರೂ ನನ್ ಮನೆ ಬಾಗ್ಲು ತೆಗ್ದೇ ಇರುತ್ತೆ, ಭಾವ. ನವ್ಯಾ, ಕೇಳಿಸ್ತೇನೇ? ನಿಂಗೇ ಹೇಳ್ತಿರೋದು. ಏನೇ ಆದ್ರೂ ಬಾಗ್ಲು ತೆಗ್ದಿರುತ್ತೆ."

ಫೋನು ಕಟ್ಟಾಯಿತೇ ಎಂದು ಪರದೆ ನೋಡಿದೆ. ಆಗಿರಲಿಲ್ಲ. ಭಾವ ಬೈಯಲಿ ಎಂದು ಕಾದೆ. ಬಂದದ್ದು ಯಜಮಾನರ ದನಿ. ಅಷ್ಟು ಸ್ಪಷ್ಟವಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

"ಅಣ್ಣಾ, ಸಾಕು. ನಡಿ ಮಗಾ, ಕಾಲೇಜ್ ಬಸ್ಸಿಗೆ ಹೊತ್ತಾಯ್ತು."

"ಲೋ, ಹೆಂಡ್ತಿ ಮಾತ್ ಕೇಳ್ಕೊಂಡು ದೇವ್ರ ಮುಂದಿಂದ ಎದ್ದೋಗ್ತೀಯೇನೋ?" ಎಂದು ಭಾವ ಕೂಗಿದರು. ಅಷ್ಟರಲ್ಲಿ ಫೋನ್ ಕಡಿಯಿತು.

ತಿರುಗಿದರೆ ಬಾಗಿಲಲ್ಲಿ ಮಾಮಾ ನಯೋಮಿ. ದಾರಿಗೆಂದು ಚಪಾತಿ ಕಟ್ಟಿಕೊಂಡು ಬಂದಿದ್ದಳು. ನನ್ನ ಕನ್ನಡ ಅವಳಿಗೆ ಒಂದಕ್ಷರವೂ ತಿಳಿದಿರಲಾರದು. ನಾನು ದನಿ ಎತ್ತಿದ್ದು ಮಾತ್ರ ಕೇಳಿಸಿತ್ತು.

"ಮಗಳಾ?" ಎಂದು ಕೇಳಿದಳು.

"ಮಗಳು" ಎಂದೆ.

ಅವಳು ಗಂಟನ್ನು ನನ್ನ ಚೀಲಕ್ಕೆ ಹಾಕಿ, ನನ್ನ ಭುಜ ಗಟ್ಟಿಯಾಗಿ ಹಿಡಿದು ನಿಂತಳು. ವ್ಯಾನಿನವನು ಮತ್ತೆ ಹಾರ್ನ್ ಹೊಡೆಯುವ ತನಕ ಬಿಡಲಿಲ್ಲ.

ದೇವನಹಳ್ಳಿಯಿಂದ ಮನೆಗೆ

ವಿಮಾನ ನಿಲ್ದಾಣದ ಹೊರಗೆ ಯಜಮಾನರೂ ನವ್ಯಳೂ ಕಾಯುತ್ತಿದ್ದರು. ಅವಳು ನನ್ನ ಚೀಲ ಕಿತ್ತುಕೊಂಡಳು, ಮುಖ ನೋಡಲಿಲ್ಲ. ಕಾರು ಹೊರಟ ಮೇಲೆ ಯಜಮಾನರು ಮನೆಯ ಸುದ್ದಿ ಹೇಳಿದರು. ಭಾವ ಮಾತು ಬಿಟ್ಟಿದ್ದಾರೆ. ನಮ್ಮ ಅಂಗಳ ತುಳಿಯುವುದಿಲ್ಲ ಎಂದಿದ್ದಾರೆ. ಓರಗಿತ್ತಿ ಮಾತ್ರ ಪಕ್ಕದ ಮನೆಯಿಂದ ಗೋಡೆಯ ಮೇಲೆ ಪಲ್ಯ ಕೊಟ್ಟು ಹೋದಳಂತೆ.

"ತಪ್ಪಾಯ್ತಾ?" ಎಂದು ಕೇಳಿದೆ.

"ಗೊತ್ತಿಲ್ಲ ಕಣೇ" ಎಂದರು. "ಆದ್ರೆ ಅವತ್ತು ರಾತ್ರಿ ಇವ್ಳು ನನ್ ಜೊತೆ ಊಟಕ್ ಕೂತ್ಲು."

ದೇವನಹಳ್ಳಿ ದಾಟಿ ಸೂಲಿಬೆಲೆ ರಸ್ತೆಗೆ ಬಿದ್ದೆವು. ಎರಡೂ ಕಡೆ ದ್ರಾಕ್ಷಿ ಚಪ್ಪರ. ಹಿಂದಿನ ಸೀಟಿನಿಂದ ನವ್ಯ ಕೇಳಿದಳು:

"ಅಮ್ಮ, ಅವ್ನು ಯಾರು ಅಂತ ಕೇಳಲ್ವಾ?"

ಕೇಳಬೇಕೆಂದು ನಾಲಿಗೆ ತುದಿ ಸುಡುತ್ತಿತ್ತು.

"ಹೇಳ್ಬೇಕು ಅನ್ಸಿದ್ರೆ ಹೇಳು ಮಗಾ."

ಕಿಟಕಿಯ ಗಾಜು ಏರಿಸಿದಳು. ಆಮೇಲೆ, "ಅವ್ನ ಹೆಸ್ರು ಕಿರಣ್" ಎಂದು ಶುರುಮಾಡಿದಳು.

ಅವಳು ಹೇಳಿದ್ದೆಲ್ಲ ನನಗೆ ಹಿಡಿಸಲಿಲ್ಲ. ಒಂದೆರಡು ಕಡೆ ಬುದ್ಧಿಮಾತು ಬಾಯಿಗೇ ಬಂದಿತ್ತು, ತಡೆದುಕೊಂಡೆ. ಯಜಮಾನರು ಕನ್ನಡಿಯಲ್ಲಿ ಒಮ್ಮೆ ಅವಳನ್ನು ನೋಡಿ, ಮತ್ತೆ ರಸ್ತೆ ನೋಡಿದರು. ಗಾಡಿ ನಿಧಾನವಾಗುತ್ತಾ ಬಂತು.

ನಮ್ಮೂರಿನ ತಿರುವು ಕಾಣಿಸಿತು. ಅವರು ತಿರುಗಿಸಲಿಲ್ಲ. ಹೊಸಕೋಟೆಯ ದಿಕ್ಕಿಗೆ ಗಾಡಿಯನ್ನು ನೇರವಾಗಿ ಬಿಟ್ಟರು. ಅವಳು ಇನ್ನೂ ಹೇಳಿ ಮುಗಿಸಿರಲಿಲ್ಲ.